ಕನ್ನಡನಾಡಿನ ಹುಲಿ: ಹೆಸರು, ನೆಲೆ ಮತ್ತು ಅಳಿವಿನ ಭಯ

ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಮೊಹರಮಿನ ದಿನಗಳಂದು ಹರಕೆ ಹೊತ್ತವರು ಮೈಗೆ ಹಳದಿ ಬಣ್ಣ ಬಳಿದು, ಅದರ ಮೇಲೆ ಕರಿಯ ಪಟ್ಟೆಗಳನ್ನೆಳೆಯಿಸಿಕೊಂಡು, ಹಲಗೆಯ ಬಡಿತಕ್ಕೆ ಹುಲಿವೇಷ ಕುಣಿಯುವ ವಾಡಿಕೆಯುಂಟು. ಈ ಹರಕೆಗೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲ. ಈ ಸೀಮೆಯಲ್ಲಿಯೇ, ಡೋಣಿ ನದಿಯ ದಂಡೆಯ ಎರೆನೆಲದಲ್ಲಿ, ತಾಳಿಕೋಟೆಯಿದೆ. ಕ್ರಿ.ಶ. ೧೫೬೫ರ ಜನವರಿಯಲ್ಲಿ ವಿಜಯನಗರದ ಹಣೆಯ ಬರಹವನ್ನು ತಿರುಗಿಸಿದ ಯುದ್ಧವು ಈ ಊರಿನ ಹೆಸರಿನಿಂದಲೇ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಡೋಣಿ ಹರಿದರೆ ಓಣಿಗೆಲ್ಲ ಜೋಳವೆಂದು ಜನ ಆಡಿಕೊಳ್ಳುವ ಈ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರವೂ ಬೆಳೆಯೇ ಹೊರತು ಕಾಡಿಲ್ಲ, ಹುಲಿಯೂ ಇಲ್ಲ. ಆದರೂ ಇಲ್ಲಿ ಹುಲಿಯೆಂದರೇನೆಂದು ತಿಳಿಯದ ಮಗುವಿಲ್ಲ.

ಇದು ಸಣ್ಣ ಸಂಗತಿಯಂತೆ ತೋರಿದರೂ ವಿಚಾರಯೋಗ್ಯವಾದುದು. ಹುಲಿ ಎಂಬ ಮಾತು ಕನ್ನಡನಾಡಿನ ತುಂಬ ಹರಡಿಕೊಂಡಿದೆ. ಹುಲಿಯಾದರೋ ನಾಡಿನ ಪಶ್ಚಿಮದ ಮತ್ತು ದಕ್ಷಿಣದ ಅಂಚಿನ ಕೆಲವು ಕಾಡುಗಳಲ್ಲಿ ಮಾತ್ರ ಉಳಿದಿದೆ. ಪ್ರಾಣಿಯಿಲ್ಲದೆಡೆಯಲ್ಲಿಯೂ ಅದರ ಹೆಸರು ಕುಂದಿಲ್ಲದೆ ಬಾಳುತ್ತದೆ. ಆದುದರಿಂದ ಹೆಸರು, ಕಲ್ಲು, ಕಥೆಗಳಲ್ಲಿ ಹುಲಿಯು ಸಮೃದ್ಧವಾಗಿ ಕಾಣುತ್ತದೆಂಬ ಮಾತ್ರದಿಂದ ಅದು ಕ್ಷೇಮವಾಗಿದೆಯೆಂದು ತಿಳಿಯುವುದು ತಪ್ಪಾಗುತ್ತದೆ. ಸಾಹಿತ್ಯದ ಹುಲಿಗೂ ಕಾಡಿನ ಹುಲಿಗೂ ಇರುವ ಅಂತರವನ್ನು ಅಳೆದು, ಎರಡನೆಯದಕ್ಕೆ ಒದಗಿರುವ ಅಪಾಯಗಳ ಸ್ವರೂಪವನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೧. ಹೆಸರಿನ ಸಾಕ್ಷ್ಯ

ಹಳಗನ್ನಡದ 'ಪುಲಿ' ಎಂಬ ಶಬ್ದವು ಪಕಾರವು ಹಕಾರವಾಗುವ ಪ್ರಸಿದ್ಧ ನಿಯಮಕ್ಕೆ ಒಳಪಟ್ಟು ನಡುಗನ್ನಡದಲ್ಲಿ 'ಹುಲಿ'ಯಾಯಿತು. ತಮಿಳು, ತೆಲುಗು, ಮಲೆಯಾಳಗಳಲ್ಲಿ 'ಪುಲಿ'ಯೂ, ತುಳುವಿನಲ್ಲಿ 'ಪಿಲಿ'ಯೂ ಇರುವುದರಿಂದ ಇದು ದ್ರಾವಿಡ ಭಾಷೆಗಳ ಹಳೆಯ ಬಂಡವಾಳವೆಂಬುದು ಸ್ಪಷ್ಟ. ಸಂಸ್ಕೃತದಿಂದ ವ್ಯಾಘ್ರ, ಶಾರ್ದೂಲ ಮೊದಲಾದ ಶಬ್ದಗಳು ಬಂದ ಮೇಲೆಯೂ ದೇಶ್ಯಶಬ್ದವು ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಚಂಪೂಕವಿಗಳು ಆರು ಖ್ಯಾತಕರ್ಣಾಟಕ ವೃತ್ತಗಳಲ್ಲೊಂದಾಗಿ ಬಳಸಿದ ಹತ್ತೊಂಬತ್ತು ಅಕ್ಷರದ ವೃತ್ತಕ್ಕೆ 'ಶಾರ್ದೂಲವಿಕ್ರೀಡಿತ'ವೆಂದು, ಎಂದರೆ ಹುಲಿಯ ಆಟವೆಂದು, ಹೆಸರು. ಹೀಗೆ ಛಂದಸ್ಸಿನ ಪಾಠದಲ್ಲಿಯೂ ಹುಲಿಯುಂಟು.

ಊರಿನ ಹೆಸರುಗಳನ್ನು ನೋಡಿ ಹಿಂದಣ ಹುಲಿಯ ನೆಲೆಗಳನ್ನು ಗುರುತಿಸಬಹುದೆಂದು ಹೇಳುವವರುಂಟು. ಈ ಮಾರ್ಗವು ಆಕರ್ಷಕವಾದುದೇ. ಆದರೆ ಇದರಲ್ಲಿ ನಡೆಯುವವರು ಮೂರು ಬಗೆಯ ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು.

ಮೊದಲನೆಯದಾಗಿ, ಸಮೀಪದ ಉಚ್ಚಾರಣೆಯ ಶಬ್ದಗಳನ್ನು ಬೆರಸಬಾರದು. ಹುಣಿಸೆಗೆ ಸಂಬಂಧಿಸಿದ 'ಹುಳಿ' ಬೇರೆ, ಮೇವಿನ 'ಹುಲ್ಲು' ಬೇರೆ. ಸವದತ್ತಿಯ ಬಳಿಯ ಪ್ರಾಚೀನ ಗ್ರಾಮವಾದ ಹೂಲಿಯ ಹೆಸರು ಶಾಸನಗಳಲ್ಲಿ 'ಪೂಲಿ'ಯೆಂದು ದೀರ್ಘಸ್ವರದಿಂದಲೇ ಬರುತ್ತದೆ. ಅದನ್ನು ಹ್ರಸ್ವವಾಗಿ ಓದಿದವರು ಅಲ್ಲಿ ಇಲ್ಲದ ಹುಲಿಯನ್ನು ಕಾಣುತ್ತಾರೆ. ಎರಡನೆಯದಾಗಿ, ಒಂದೇ ಊರಿನ ಹೆಸರಿಗೆ ಹಲವು ರೂಪಗಳಿರಬಹುದು. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಕಿಸುವೊಳಲ್, ಕೊಪಣ, ಒಂಕುಂದಗಳೊಡನೆ ಹೆಸರಿಸುವ ಪುಲಿಗೆರೆಯು ಇಂದಿನ ಲಕ್ಷ್ಮೇಶ್ವರವೆಂಬುದು ಸರ್ವವಿದಿತ. ಹುಲಿಗಳು ನೀರಿಗೆ ಬರುತ್ತಿದ್ದ ಕೆರೆಯೆಂದು ಈ ಹೆಸರಿಗೆ ಅರ್ಥ ಹೇಳುವುದು ಸುಲಭ. ಆದರೆ ಶಾಸನಗಳಲ್ಲಿ ಪುಲಿಗೆರೆಯೊಡನೆ 'ಪುರಿಗೆರೆ'ಯೆಂಬ ರೂಪವೂ, 'ಪುಲಿಕರ'ದೊಡನೆ 'ಪುರಿಕರ'ವೂ ಕಾಣುವುದರಿಂದ ಈ ಒಂದು ಹೆಸರಿನ ಬಲದಿಂದಲೇ ಅಲ್ಲಿ ಹುಲಿಯಿತ್ತೆಂದು ಸಾಧಿಸಲಾಗದು.

ಮೂರನೆಯ ಎಚ್ಚರಿಕೆಯೇ ಎಲ್ಲಕ್ಕಿಂತ ಮುಖ್ಯವಾದುದು. 'ಹುಲಿ' ಎಂಬುದು ಜನರ ಬಾಯಲ್ಲಿ ಯಾವಾಗಲೂ ಪಟ್ಟೆಯ ಹುಲಿಯೊಂದನ್ನೇ ಹೇಳುವುದಿಲ್ಲ. 'ಹೆಬ್ಬುಲಿ', 'ಪಟ್ಟೆಹುಲಿ' ಎಂಬ ವಿಶೇಷ ಶಬ್ದಗಳು ಹುಟ್ಟಿಕೊಂಡುದೇ ಬರಿಯ 'ಹುಲಿ'ಯು ಚಿರತೆಗೂ ಸಲ್ಲುತ್ತಿದ್ದುದರಿಂದ. 'ಕಿರುಬ'ವೆಂಬುದು ಒಂದು ಸೀಮೆಯಲ್ಲಿ ಚಿರತೆಯನ್ನೂ ಮತ್ತೊಂದು ಸೀಮೆಯಲ್ಲಿ ಕತ್ತೆಕಿರುಬವನ್ನೂ ಸೂಚಿಸುತ್ತದೆ. ಮಲೆಯಾಳದಲ್ಲಿಯಂತೂ ಇಂದಿಗೂ 'ಪುಲಿ'ಯೆಂದರೆ ಸಾಮಾನ್ಯವಾಗಿ ಚಿರತೆ. ಪಟ್ಟೆಹುಲಿಗೆ 'ಕಡುವ'ವೆಂಬ ಬೇರೆ ಹೆಸರಿದೆ. ಚಿರತೆಯು ಕುರುಚಲು ಕಾಡಿನಲ್ಲಿಯೂ ಕಲ್ಲುಗುಡ್ಡದಲ್ಲಿಯೂ ನಾಯಿ ಕುರಿಗಳನ್ನು ಹಿಡಿದು ಬದುಕಬಲ್ಲುದು. ಹೆಬ್ಬುಲಿಯ ಜೀವನವು ಹಾಗಲ್ಲ. ಆದುದರಿಂದ ಬಯಲುಸೀಮೆಯ 'ಹುಲಿ'ಹೆಸರುಗಳಲ್ಲಿ ಎಷ್ಟು ಹೆಬ್ಬುಲಿಯವು, ಎಷ್ಟು ಚಿರತೆಯವು ಎಂಬುದನ್ನು ನೆಲದ ಗುಣವನ್ನು ನೋಡಿಯೇ ನಿರ್ಣಯಿಸಬೇಕಾಗುತ್ತದೆ.

೨. ಕಲ್ಲು ಮತ್ತು ಕಥೆ

ಹೆಸರಿಗಿಂತ ಬಲವಾದ ಸಾಕ್ಷ್ಯವನ್ನು ವೀರಗಲ್ಲುಗಳು ಕೊಡುತ್ತವೆ. ತುರುಗೋಳಿನಲ್ಲಿ ಮಡಿದವರಿಗೂ ಊರಳಿವಿನಲ್ಲಿ ಕಾದಿದವರಿಗೂ ಕಲ್ಲು ನಿಲ್ಲಿಸಿದಂತೆ ಹುಲಿಯೊಡನೆ ಹೋರಾಡಿ ಸತ್ತವರಿಗೂ ಕನ್ನಡಿಗರು ಕಲ್ಲು ನಿಲ್ಲಿಸಿದರು. ಇವುಗಳಲ್ಲಿ ಹುಲಿಯು ಅಲಂಕಾರವಲ್ಲ, ಸಾವಿಗೆ ಕಾರಣ. ದನ ಕಾಯುವವನೂ ಒಕ್ಕಲಿಗನೂ ಹುಲಿಯ ನೆರೆಯಲ್ಲಿ ಬಾಳಿ ತೆತ್ತ ಬೆಲೆಯನ್ನು ಈ ಕಲ್ಲುಗಳು ಹೇಳುತ್ತವೆ. ಹೊಯ್ಸಳರ ಲಾಂಛನದ ಕಥೆ ಬೇರೆ ಬಗೆಯದು. ಸೊಸೆವೂರಿನಲ್ಲಿ, ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಜೈನಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಯ್ದನೆಂಬುದು ವಂಶನಾಮಕ್ಕೆ ಕೊಟ್ಟ ವಿವರಣೆ. ಅದನ್ನು ನಡೆದ ಸಂಗತಿಯೆಂದು ಒಪ್ಪಬೇಕಾಗಿಲ್ಲ. ಬೇಲೂರು ಹಳೇಬೀಡುಗಳಲ್ಲಿ ಕಡೆದಿರುವ ಮೃಗವೂ ಕಾಡಿನ ಹುಲಿಗಿಂತ ಶಿಲ್ಪಶಾಸ್ತ್ರದ ಶಾರ್ದೂಲವನ್ನೇ ಹೆಚ್ಚಾಗಿ ಹೋಲುತ್ತದೆ. ಆದರೂ ಮಲೆಯ ಅಂಚಿನಲ್ಲಿ ತಲೆಯೆತ್ತಿದ ಒಂದು ಮನೆತನವು ತನ್ನ ಪರಾಕ್ರಮಕ್ಕೆ ಒರೆಗಲ್ಲಾಗಿ ಹುಲಿಯನ್ನೇ ಆರಿಸಿಕೊಂಡಿತೆಂಬುದು ಅರ್ಥವಿಲ್ಲದ ಮಾತಲ್ಲ.

ಕಥೆಗಳ ಹುಲಿಯು ಬಹುಮಟ್ಟಿಗೆ ಮನಸ್ಸಾಕ್ಷಿಯುಳ್ಳ ಪ್ರಾಣಿ. ವಡ್ಡಾರಾಧನೆಯ ಸುಕೌಶಳಸ್ವಾಮಿಯ ಕಥೆಯಲ್ಲಿ ಮುನಿಯನ್ನು ಕೊಲ್ಲುವ ಹೆಣ್ಣುಹುಲಿಯು ಅವನ ತಾಯಿಯೇ ಮರುಜನ್ಮದಲ್ಲಿ ತಳೆದ ರೂಪ. ಗೋವಿನ ಹಾಡಿನ ಅರ್ಬುದನು ಹಸಿದವನಾಗಿ ಪುಣ್ಯಕೋಟಿಯನ್ನು ಅಡ್ಡಗಟ್ಟಿ, ಅದರ ಸತ್ಯಕ್ಕೆ ನಾಚಿ ಪ್ರಾಣವನ್ನು ಬಿಡುತ್ತಾನೆ. ಹಾಲುಮತದವರು ಹಾಡುವ ಹುಲಜಂತಿಯ ಮಾಳಿಂಗರಾಯನ ಕಥೆಯಲ್ಲಿ ಹುಲಿಯ ಗಿಣ್ಣನ್ನು ತರುವ ಪ್ರಸಂಗವಿದೆ. ವಿಜಯಪುರದ ಗಡಿಗೆ ಸಮೀಪದ ಆ ಕ್ಷೇತ್ರವು ಈಗ ಮಹಾರಾಷ್ಟ್ರದ ಮಂಗಳವೇಢೆ ತಾಲ್ಲೂಕಿಗೆ ಸೇರಿದೆ. ದಕ್ಷಿಣದಲ್ಲಿ ಮಲೆಯ ಮಹದೇಶ್ವರನಿಗೆ ಹುಲಿಯೇ ವಾಹನ. ಇವೆಲ್ಲವೂ ಹುಲಿಯ ಭಯವನ್ನು ಧರ್ಮದ ಕಟ್ಟಿಗೆ ಒಳಪಡಿಸಿದ ಪ್ರಯತ್ನಗಳು. ಗೋವಿನ ಹಾಡನ್ನು ಪಾಠ ಹೇಳುವಾಗ ಸತ್ಯದ ಮಹಿಮೆಯನ್ನು ವಿವರಿಸುವುದು ವಾಡಿಕೆ. ಹುಲಿಯು ಅಲ್ಲಿ ಹಸಿದಿತ್ತೆಂಬುದನ್ನೂ, ತುರುವು ಮೇಯಲು ಹೋದ ಎಡೆಯು ಹುಲಿಯ ಅಡವಿಯೇ ಆಗಿತ್ತೆಂಬುದನ್ನೂ ಗಮನಿಸುವುದು ಕಡಿಮೆ. ಇಂದಿನ ಕಾಡಂಚಿನ ಸಮಸ್ಯೆಯೆಲ್ಲವೂ ಆ ಎರಡು ಸಂಗತಿಗಳಲ್ಲಿಯೇ ಅಡಗಿದೆ.

೩. ಹುಲಿಗೆ ಬೇಕಾದ ನೆಲೆ

ಹುಲಿಯು ಮಾಂಸವನ್ನೇ ನಂಬಿದ ಪ್ರಾಣಿ. ಒಂದು ಹುಲಿಗೆ ವಾರಕ್ಕೆ ಒಂದರಂತೆ ವರ್ಷಕ್ಕೆ ಸುಮಾರು ೫೦ ದೊಡ್ಡ ಮಿಗಗಳು ಬೇಕು. ಮಿಗದ ಹಿಂಡು ಕುಂದದೆ ಈ ಕಂದಾಯವನ್ನು ತೆರಬೇಕಾದರೆ ಸುಮಾರು ೫೦೦ ಮಿಗಗಳು ಆ ಹುಲಿಯ ಆಸರೆಯಲ್ಲಿರಬೇಕೆಂದು ಪ್ರಾಣಿಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳು ಅದರ ಮುಖ್ಯ ಆಹಾರ. ಇವುಗಳಿಗೆ ಮೇವು, ನೀರು, ಮರೆ ಬೇಕು. ನಾಗರಹೊಳೆಯ ಕಡೆ ಜನರು 'ಹಡ್ಲು' ಎಂದು ಕರೆಯುವ ಜೌಗಿನ ಹುಲ್ಲುಬಯಲುಗಳು ಬೇಸಗೆಯಲ್ಲಿಯೂ ಹಸುರಾಗಿದ್ದು ಮಿಗಗಳ ಹಿಂಡನ್ನು ಸಾಕುತ್ತವೆ. ಅದರಿಂದಲೇ ಅಲ್ಲಿ ಹುಲಿಗಳು ಒತ್ತಾಗಿವೆ. ಹುಲಿಯು ಕಾಡಿನ ಮೇಲೆ ನಿಂತಿದೆಯೆನ್ನುವುದಕ್ಕಿಂತ ಹುಲ್ಲಿನ ಮೇಲೆ ನಿಂತಿದೆಯೆನ್ನುವುದೇ ಹೆಚ್ಚು ಸರಿಯಾದ ಮಾತು.

ಈ ದೃಷ್ಟಿಯಿಂದ ನೋಡಿದರೆ ತಾಳಿಕೋಟೆಯ ಬಯಲು ಹುಲಿಗೇಕೆ ತಕ್ಕುದಲ್ಲವೆಂಬುದು ತಿಳಿಯುತ್ತದೆ. ಅಲ್ಲಿ ಮಳೆ ಕಡಿಮೆ. ಎರೆನೆಲವು ಮಿಗಗಳಿಗೆ ಮರೆಯಾಗುವ ಮರಗಳನ್ನು ಬೆಳೆಸುವುದಿಲ್ಲ, ಜೋಳವನ್ನೂ ಕಡಲೆಯನ್ನೂ ಬೆಳೆಸುತ್ತದೆ. ಬಯಲಿಗೆ ಹೊಂದಿದ ಮೃಗ ಹುಲಿಯಲ್ಲ, ತೋಳ. ಹುಲಿಯ ಮಾತು ಇಲ್ಲಿಗೆ ಬಂದುದು ಮಠಗಳ ವ್ಯಾಘ್ರಾಸನದಿಂದ, ಹುಲಿದೊಗಲುಟ್ಟ ಶಿವನ ವರ್ಣನೆಯಿಂದ, ಕುರುಬರ ಹಾಡಿನಿಂದ, ಹರಕೆಯ ವೇಷದಿಂದ. ಒಂದು ನಾಡಿನ ಭಾಷೆಯು ತನ್ನ ಮಲೆಯ ಅನುಭವವನ್ನು ಬಯಲಿಗೂ ಹಂಚುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಹೆಣ್ಣುಹುಲಿಯು ಸುಮಾರು ಮೂರೂವರೆ ತಿಂಗಳು ಗರ್ಭ ಧರಿಸಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿಗಳನ್ನು ಈಯುತ್ತದೆ. ಮರಿಗಳು ಎರಡು ವರ್ಷಗಳ ಹೊತ್ತಿಗೆ ತಾಯನ್ನು ಬಿಟ್ಟು ತಮ್ಮ ನೆಲೆಯನ್ನು ತಾವೇ ಹುಡುಕಿಕೊಳ್ಳಬೇಕು. ಬೇಟೆಯು ಸಮೃದ್ಧವಾಗಿದ್ದರೆ ಹುಲಿಯ ಸಂತತಿಯು ಬೇಗನೆ ಹೆಚ್ಚುತ್ತದೆ. ಆದರೆ ಹೊಸ ಹುಲಿಗೆ ಹೋಗಲು ದಾರಿಯಿಲ್ಲದಿದ್ದರೆ ಆ ಹೆಚ್ಚಳವೇ ಕಲಹಕ್ಕೆ ಮೂಲವಾಗುತ್ತದೆ. ಬಂಡೀಪುರದಲ್ಲಿ ಛಾಯಾಚಿತ್ರಕ್ಕೆ ಸಿಕ್ಕಿದ್ದ ಗಂಡುಹುಲಿಯೊಂದು ೨೦೧೧ರಲ್ಲಿ ಸುಮಾರು ೨೮೦ ಕಿಲೋಮೀಟರ್ ದೂರದ ಶಿಕಾರಿಪುರದ ಬಳಿ ಹಿಡಿಯಲ್ಪಟ್ಟಿತು. ಮೈಯ ಪಟ್ಟೆಗಳನ್ನು ಹೋಲಿಸಿ ಎರಡೂ ಒಂದೇ ಪ್ರಾಣಿಯೆಂದು ನಿಶ್ಚಯಿಸಲಾಯಿತು. ಕಾಡುಗಳ ನಡುವಣ ಕೊಂಡಿಗಳು ಹುಲಿಗೆ ಎಷ್ಟು ಅವಶ್ಯಕವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

೪. ಕುಂದಿದುದು, ಕಾಪಾಡಿದುದು, ಎಣಿಸಿದುದು

ಬ್ರಿಟಿಷರ ಆಳಿಕೆಯಲ್ಲಿ ಹುಲಿಯು ಉಪದ್ರವಕಾರಿ ಮೃಗಗಳ ಪಟ್ಟಿಗೆ ಸೇರಿ, ಕೊಂದವರಿಗೆ ಸರಕಾರದಿಂದ ಇನಾಮು ದೊರೆಯುತ್ತಿತ್ತು. ಅರಸರ ಮತ್ತು ಅಧಿಕಾರಿಗಳ ಶಿಕಾರಿಯು ಗೌರವದ ವಿನೋದವಾಗಿತ್ತು. ಅದರೊಡನೆ ಬಂದೂಕು ಹಳ್ಳಿಹಳ್ಳಿಗೂ ಮುಟ್ಟಿತು. ಕಾಡು ಕಡಿದು ತೋಟ, ಗದ್ದೆ, ತೇಗದ ನೆಡುತೋಪುಗಳಾದವು. ಹುಲಿಗಿಂತ ಮೊದಲು ಅದರ ಬೇಟೆಯಾದ ಮಿಗಗಳು ಬರಿದಾದವು. ಮೈಸೂರು ಸಂಸ್ಥಾನದಲ್ಲಿ ೧೯೩೧ರಲ್ಲಿ ಬಂಡೀಪುರದ ಸುತ್ತಣ ಸಣ್ಣ ಕಾಡೊಂದನ್ನು ಮೃಗಧಾಮವಾಗಿ ಕಾಯ್ದಿರಿಸಿ, ೧೯೪೧ರಲ್ಲಿ ಅದನ್ನು ವೇಣುಗೋಪಾಲ ವನ್ಯಮೃಗಧಾಮವೆಂದು ವಿಸ್ತರಿಸಿದರು. ಭಾರತ ಸರಕಾರವು ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವನ್ನು ಮಾಡಿ, ೧೯೭೩ರ ಏಪ್ರಿಲಿನಲ್ಲಿ ಹುಲಿಯೋಜನೆಯನ್ನು ಆರಂಭಿಸಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಇಂದು ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನಬೆಟ್ಟ, ಕಾಳಿ ಎಂಬ ಐದು ಹುಲಿ ಸಂರಕ್ಷಿತ ಪ್ರದೇಶಗಳಿವೆ.

ಹುಲಿಗಳನ್ನೆಣಿಸುವ ಕ್ರಮದ ಚರಿತ್ರೆಯು ವಿದ್ವಾಂಸರಿಗೆ ವಿಶೇಷವಾಗಿ ಬೋಧಪ್ರದವಾದುದು. ಬಹುಕಾಲ ಹೆಜ್ಜೆಯ ಗುರುತುಗಳನ್ನು ನಕಲು ಮಾಡಿಕೊಂಡು, ಗುರುತೊಂದಕ್ಕೆ ಹುಲಿಯೊಂದರಂತೆ ಲೆಕ್ಕ ಕಟ್ಟುತ್ತಿದ್ದರು. ಒಂದೇ ಹುಲಿಯ ಹೆಜ್ಜೆಯು ಮಣ್ಣಿನ ಗುಣದಿಂದ ಬೇರೆಬೇರೆಯಾಗಿ ಕಾಣುವುದುಂಟು. ಇದರ ಫಲವಾಗಿ ರಾಜಸ್ಥಾನದ ಸರಿಸ್ಕದಲ್ಲಿ ದಾಖಲೆಯ ಹುಲಿಗಳು ಉಳಿದಿದ್ದಂತೆಯೇ ಕಾಡಿನ ಹುಲಿಗಳು ಕಳ್ಳಬೇಟೆಯಿಂದ ನಿಶ್ಶೇಷವಾದುವೆಂಬುದು ೨೦೦೫ರಲ್ಲಿ ಹೊರಬಿತ್ತು. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಮೊದಲಾದವರು ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಹೂಡಿ, ಬೆರಳಚ್ಚಿನಂತೆ ಒಂದೊಂದು ಹುಲಿಗೂ ಬೇರೆಯಾದ ಪಟ್ಟೆಗಳಿಂದ ಗುರುತಿಸುವ ಕ್ರಮವನ್ನು ಬೆಳೆಸಿದ್ದರು. ೨೦೦೬ರಿಂದ ದೇಶದ ಅಂದಾಜೂ ಇಂಥ ಕ್ರಮವನ್ನು ಅವಲಂಬಿಸಿತು. ಹೆಸರನ್ನು ಪ್ರಾಣಿಯೆಂದು ತಿಳಿಯುವ ಶಬ್ದಶೋಧಕನ ಭ್ರಮೆಗೂ ಹೆಜ್ಜೆಯನ್ನು ಪ್ರಾಣಿಯೆಂದು ತಿಳಿದ ಗಣತಿದಾರನ ಭ್ರಮೆಗೂ ಹೆಚ್ಚು ಭೇದವಿಲ್ಲ.

ಹೊಸ ಕ್ರಮದ ಅಂದಾಜಿನಂತೆ ಭಾರತದಲ್ಲಿ ೨೦೦೬ರಲ್ಲಿ ೧೪೧೧, ೨೦೧೪ರಲ್ಲಿ ೨೨೨೬, ೨೦೨೨ರಲ್ಲಿ ೩೬೮೨ ಹುಲಿಗಳಿದ್ದವು. ಕರ್ನಾಟಕದಲ್ಲಿ ಇದೇ ವರ್ಷಗಳ ಸಂಖ್ಯೆ ಕ್ರಮವಾಗಿ ೨೯೦, ೪೦೬, ೫೬೩. ಮಧ್ಯಪ್ರದೇಶದ ೭೮೫ರ ತರುವಾಯ ಕರ್ನಾಟಕದ್ದೇ ಎರಡನೆಯ ಸ್ಥಾನ. ಬಂಡೀಪುರದಲ್ಲಿ ೧೫೦, ನಾಗರಹೊಳೆಯಲ್ಲಿ ೧೪೧ ಇದ್ದುವೆಂದು ೨೦೨೨ರ ಲೆಕ್ಕ ಹೇಳುತ್ತದೆ. ಎಂದರೆ ರಾಜ್ಯದ ಹುಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕಪಕ್ಕದ ಎರಡು ಕಾಡುಗಳಲ್ಲಿಯೇ ಇವೆ. ಸಂಖ್ಯೆಯು ಹಿರಿದಾದರೂ ನೆಲೆಯು ಕಿರಿದೆಂಬುದನ್ನು ಮರೆಯಬಾರದು.

೫. ಇಂದಿನ ಅಪಾಯಗಳು

ಮೊದಲನೆಯದು ನೆಲೆಯು ತುಂಡಾಗುವುದು. ಕಬಿನಿ, ಭದ್ರಾ, ಸೂಪಾ ಜಲಾಶಯಗಳು ನಾಡಿಗೆ ನೀರನ್ನೂ ವಿದ್ಯುತ್ತನ್ನೂ ಕೊಟ್ಟು ಕಣಿವೆಯ ಕಾಡುಗಳನ್ನು ಮುಳುಗಿಸಿದವು. ಹೆದ್ದಾರಿ, ರೈಲುದಾರಿ, ಕಾಲುವೆ, ತೋಟಗಳು ಉಳಿದ ಕಾಡನ್ನು ಸೀಳುತ್ತವೆ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ ರಾತ್ರಿಯ ಸಂಚಾರವನ್ನು ೨೦೦೯ರಲ್ಲಿ ನಿಷೇಧಿಸಿದುದು ಈ ದಿಕ್ಕಿನಲ್ಲಿ ಗಮನಾರ್ಹವಾದ ಕ್ರಮ.

ಎರಡನೆಯದು ಕಣ್ಣಿಗೆ ಹಸುರಾಗಿ ಕಾಣುವ ಕೇಡು. ಅಲಂಕಾರಕ್ಕಾಗಿ ಹೊರದೇಶದಿಂದ ತಂದ ಲಂಟಾನವು ಬಂಡೀಪುರ, ಬಿಳಿಗಿರಿರಂಗನಬೆಟ್ಟಗಳ ಕಾಡಿನ ನೆಲವನ್ನು ದಟ್ಟವಾಗಿ ಮುಚ್ಚಿದೆ. ಅದರಡಿಯಲ್ಲಿ ಹುಲ್ಲು ಬೆಳೆಯದು, ಹುಲ್ಲಿಲ್ಲದೆಡೆ ಜಿಂಕೆಯಿಲ್ಲ, ಜಿಂಕೆಯಿಲ್ಲದ ಹುಲಿಯು ದನದ ಕಡೆಗೆ ತಿರುಗುತ್ತದೆ.

ಮೂರನೆಯದು ಕಳ್ಳಬೇಟೆ ಮತ್ತು ಅಂಗಾಂಗಗಳ ವ್ಯಾಪಾರ. ತೊಗಲು, ಮೂಳೆ, ಉಗುರುಗಳಿಗೆ ಗಿರಾಕಿಗಳಿರುವವರೆಗೆ ಉರುಲು ಒಡ್ಡುವವರೂ ಇರುತ್ತಾರೆ. ಹುಲಿಯುಗುರನ್ನು ಕೊರಳಲ್ಲಿ ಕಟ್ಟುವ ಹಳೆಯ ನಂಬಿಕೆಯು ಈಗ ಅಪರಾಧವಾಗಿದೆ; ೨೦೨೩ರ ಅಕ್ಟೋಬರಿನಲ್ಲಿ ಕರ್ನಾಟಕದ ಅರಣ್ಯ ಇಲಾಖೆಯು ಇಂತಹ ಪದಕಗಳನ್ನು ಧರಿಸಿದವರನ್ನು ವಿಚಾರಣೆಗೆ ಗುರಿಪಡಿಸಿದಾಗ ಈ ವಾಡಿಕೆ ಎಷ್ಟು ಜೀವಂತವಾಗಿದೆಯೆಂಬುದು ನಾಡಿಗೆಲ್ಲ ತಿಳಿಯಿತು.

ನಾಲ್ಕನೆಯದು ವಿಷ. ಹಸುವನ್ನು ಕಳೆದುಕೊಂಡವನ ಸಿಟ್ಟು ಅದರ ಹೆಣಕ್ಕೆ ವಿಷ ಬೆರಸುವಲ್ಲಿ ಮುಗಿಯುತ್ತದೆ. ಹುಲಿಯು ತಾನು ಕೊಂದುದನ್ನು ಮತ್ತೆ ತಿನ್ನಲು ಬರುವ ಸ್ವಭಾವದ್ದಾದುದರಿಂದ ಈ ಉಪಾಯ ತಪ್ಪುವುದಿಲ್ಲ. ೨೦೨೦ರ ಜನವರಿಯಲ್ಲಿ ಗೋವೆಯ ಮಹದಾಯಿ ಅಭಯಾರಣ್ಯದಲ್ಲಿ ನಾಲ್ಕು ಹುಲಿಗಳು ಹೀಗೆ ಸತ್ತವು. ೨೦೨೫ರ ಜೂನ್ ೨೬ರಂದು ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದುದು ಕಂಡುಬಂದಿತು. ವಿಷವು ಹಸುವಿನ ಹೆಣದಲ್ಲಿತ್ತು. ಹುಲಿಯನ್ನು ವಾಹನವಾಗಿ ಮಾಡಿಕೊಂಡ ದೇವರ ಬೆಟ್ಟದಲ್ಲಿಯೇ ಇದು ನಡೆಯಿತೆಂಬುದು, ಭಕ್ತಿಯು ತಾನಾಗಿ ಪ್ರಾಣಿಯನ್ನು ಕಾಯಲಾರದೆಂಬುದನ್ನು ನಿಸ್ಸಂದೇಹವಾಗಿ ತೋರಿಸುತ್ತದೆ.

ಕಾಡಂಚಿನವರ ನೋವೂ ನಿಜವಾದುದೇ. ೨೦೨೫ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮೈಸೂರು ಜಿಲ್ಲೆಯ ಸರಗೂರು ಸೀಮೆಯಲ್ಲಿ ರೈತರು ಹುಲಿಗೆ ಬಲಿಯಾದರು. ಹಿಂದಿನವರು ಇಂಥವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು; ಇಂದಿನ ಸಮಾಜವು ಅವರ ಮನೆಯವರಿಗೆ ಪರಿಹಾರವನ್ನು ತಡವಿಲ್ಲದೆ ಮುಟ್ಟಿಸುವುದೂ, ಸತ್ತ ದನದ ಬೆಲೆಯನ್ನು ಅಲೆದಾಡಿಸದೆ ಕೊಡುವುದೂ ಕರ್ತವ್ಯ. ಕಾಡಿನೊಳಗಣ ಜನರ ವಿಷಯದಲ್ಲಿಯೂ ನ್ಯಾಯವೇ ಮೇಲ್ಪಂಕ್ತಿಯಾಗಬೇಕು. ನಾಗರಹೊಳೆಯ ಜೇನುಕುರುಬರು ಒಕ್ಕಲೆಬ್ಬಿಸಲ್ಪಟ್ಟ ದುಃಖವನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ ೨೦೧೧ರಲ್ಲಿ ಸಮುದಾಯದ ಅರಣ್ಯಹಕ್ಕುಗಳು ದೊರೆತ ಮೇಲೆಯೂ ಆ ಬೆಟ್ಟವು ಹುಲಿಯ ನೆಲೆಯಾಗಿಯೇ ಉಳಿದಿದೆ. ಜನರನ್ನು ವೈರಿಗಳಾಗಿ ಮಾಡಿಕೊಂಡು ಕಾಯುವ ಕಾಡು ಬಹುದಿನ ಬಾಳುವುದಿಲ್ಲ.

೬. ಉಪಸಂಹಾರ

ಜಾವಾ, ಬಾಲಿ ದ್ವೀಪಗಳ ಹುಲಿಗಳೂ ಕ್ಯಾಸ್ಪಿಯನ್ ಸಮುದ್ರದ ಸೀಮೆಯ ಹುಲಿಯೂ ಇಪ್ಪತ್ತನೆಯ ಶತಮಾನದಲ್ಲಿ ಅಳಿದುಹೋದವು. ಆ ನಾಡುಗಳ ಭಾಷೆಗಳಲ್ಲಿ ಹುಲಿಯ ಹೆಸರು ಉಳಿದೇ ಇದೆ. ಭಾಷೆಯು ತಾನು ಕಳೆದುಕೊಂಡ ವಸ್ತುವಿಗಾಗಿ ಹೆಸರನ್ನು ಅಳಿಸುವುದಿಲ್ಲ. ಆದುದರಿಂದ ಅದು ಎಚ್ಚರಿಸುವುದೂ ಇಲ್ಲ.

ಹೀಗಿರುವಲ್ಲಿ ವಿದ್ವಾಂಸರೂ ಸಾಹಿತ್ಯದ ಅಧ್ಯಾಪಕರೂ ಮಾಡಬಹುದಾದ ಕೆಲಸ ಎರಡು. ಊರಹೆಸರು, ವೀರಗಲ್ಲು, ಹಾಡುಗಳಲ್ಲಿ ಬರುವ ಹುಲಿಯನ್ನು ಹೆಬ್ಬುಲಿ, ಚಿರತೆ, ಕಿರುಬಗಳೆಂದು ಬೇರ್ಪಡಿಸಿ, ತಾಲ್ಲೂಕು ತಾಲ್ಲೂಕಾಗಿ ಸಂಗ್ರಹಿಸುವುದು ಮೊದಲನೆಯದು. ಯಾವ ಕಾಡು ಯಾವ ಕಾಡಿಗೆ ಹೊಂದಿಕೊಂಡಿತ್ತೆಂಬುದಕ್ಕೆ ಇದರಿಂದ ಸ್ವಲ್ಪ ಬೆಳಕು ದೊರೆಯಬಹುದು. ಗೋವಿನ ಹಾಡನ್ನು ಕಲಿಸುವಾಗ ಹುಲಿಯ ಹಸಿವನ್ನೂ ಗೊಲ್ಲನ ನಷ್ಟವನ್ನೂ ಒಟ್ಟಿಗೆ ವಿವರಿಸುವುದು ಎರಡನೆಯದು. ಹುಲಿಯನ್ನು ಉಳಿಸುವ ಕಾರ್ಯವು ಹುಲ್ಲು, ಮಿಗ, ಕಾಡಿನ ಕೊಂಡಿ ಮತ್ತು ಕಾಡಂಚಿನವರ ಒಪ್ಪಿಗೆ ಎಂಬ ನಾಲ್ಕು ಆಧಾರಗಳ ಮೇಲೆ ನಿಂತಿದೆ. ಇವುಗಳಲ್ಲಿ ಕಡೆಯದು ಕಾನೂನಿನಿಂದ ಮಾತ್ರ ದೊರೆಯತಕ್ಕುದಲ್ಲ. ಅದನ್ನು ಪಡೆಯುವಲ್ಲಿ ಶಾಲೆಯ ಪಾಠಕ್ಕೂ ಪಾಲುಂಟು.